ಕೊನೆಯಿಲ್ಲದ ಕ್ಯಾಸೆಟ್ಟು

ಮನೆ ಮನೆಗೆ ಹೋಗಿ ಗೋಡೆಗೆ ದೊಡ್ಡ ಟಿ.ವಿ. ಕೂರಿಸಿ, ಡಿಶ್ ಜೋಡಿಸಿ ಬರುವ ಹುಡುಗರು ಈಗ ನಮ್ಮ ಬೆಟಗೇರಿಯ ಓಣಿಯಲ್ಲೇ ನಾಲ್ಕಾರು ಜನ ಇದ್ದಾರೆ. ಸಂಜೆ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು, "ಶಂಕ್ರಪ್ಪ ಕಾಕಾ, ನಿಮ್ಮ ಕಾಲದಾಗ ಹೆಂಗಿತ್ತು ಹೇಳ್ರಲ್ಲ" ಎನ್ನುತ್ತಾರೆ. ಹೇಳಲು ಬಾಯಿ ತೆಗೆದರೆ ಫೋನು ನೋಡುತ್ತಾರೆ. ಅದಕ್ಕೇ ಬರೆದಿಟ್ಟುಬಿಡೋಣ ಎನಿಸಿತು. ಓದುವವರು ಓದಲಿ, ಬಿಡುವವರು ಬಿಡಲಿ. ಯಂತ್ರದ ಬಗ್ಗೆ ನಾನು ಕಲಿತದ್ದರಲ್ಲಿ ಒಂದಂಶವೂ ಇವತ್ತು ಕೆಲಸಕ್ಕೆ ಬರುವುದಿಲ್ಲ. ಆದರೆ ಪರರ ಮನೆಯೊಳಗೆ ಹೋಗಿ ಕೂರುವುದು ಹೇಗೆ ಎಂಬುದು ನಿಮಗೂ ಬೇಕಾಗುತ್ತದೆ. ನೀವೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಗದಗಿನ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುವ ಯಂತ್ರ, ಸುರುಳಿಯ ಮೇಲೆ ಸುರುಳಿ ಬದಲಿಸುವ ಕೆಲಸ. ಬೇಸಿಗೆಯಲ್ಲಿ ಆ ಕೋಣೆ ಎಂದರೆ ಭಟ್ಟಿಯೇ ಸರಿ. ಅಲ್ಲಿಂದ ಜನರನ್ನು ನೋಡಲು ಒಂದು ಸಣ್ಣ ಕಿಂಡಿ ಇತ್ತು, ಅದರಿಂದ ಕಾಣುತ್ತಿದ್ದುದು ಬರೀ ಹಿಂದಲೆ. ಜನರಿಗೆ ಸಿನಿಮಾ ಹಿಡಿಸಿತೋ ಇಲ್ಲವೋ ಎಂಬುದು ಸೀಟಿಯಿಂದ, ಇಲ್ಲವೇ ಖುರ್ಚಿ ಮುರಿದ ಸದ್ದಿನಿಂದ ತಿಳಿಯಬೇಕು. ಅವರು ಏನು ಮಾತಾಡಿಕೊಳ್ಳುತ್ತಾರೆ ಎಂದು ಕೇಳುವ ಆಸೆ ನನಗೆ ಆಗಿನಿಂದಲೂ ಇತ್ತು. ಆಟ ಬಿಟ್ಟ ಮೇಲೆ ಓಡಿ ಹೋಗಿ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಕಿವಿಗೆ ಬೀಳುತ್ತಿದ್ದುದು ಅರ್ಧ ಮಾತು. ಉಳಿದರ್ಧ ಸೈಕಲ್ ಹತ್ತಿ ಹೋಗಿಬಿಡುತ್ತಿತ್ತು.

ಎಂಬತ್ತರ ದಶಕಕ್ಕೆ ವಿಡಿಯೋ ಬಂತು. ಟಾಕೀಸಿನ ಪಾಲುದಾರರಲ್ಲಿ ಒಬ್ಬರಾದ ಗುರುಪಾದಪ್ಪನವರು ಸ್ಟೇಶನ್ ರಸ್ತೆಯಲ್ಲಿ ಕ್ಯಾಸೆಟ್ ಅಂಗಡಿ ತೆರೆದು ನನ್ನನ್ನೂ ಕರೆದುಕೊಂಡರು. ಟಿ.ವಿ., ವಿಸಿಆರ್, ಎರಡು ಮೂರು ಕ್ಯಾಸೆಟ್ ಎಲ್ಲ ಹೊತ್ತುಕೊಂಡು ಕರೆದವರ ಮನೆಗೆ ಹೋಗಬೇಕು, ಜೋಡಿಸಿ ತೋರಿಸಬೇಕು, ಮುಗಿದ ಮೇಲೆ ಹೊತ್ತು ತರಬೇಕು. ರಾತ್ರಿಯಿಡೀ ತೋರಿಸುವ ಕೆಲಸಕ್ಕೆ ಬೇರೆಯವರಿದ್ದರು. ನನಗೆ ಬಂದದ್ದು ಮಧ್ಯಾಹ್ನದ ಮನೆಗಳು, ಅಂದರೆ ಹೆಣ್ಣುಮಕ್ಕಳ ಆಟ.

ಮೊದಲ ದಿನವೇ ಮಾಲಕರು ಒಂದು ಪಾಠ ಹೇಳಿಕೊಟ್ಟರು. "ಲೇ ಶಂಕ್ರಾ, ಸಿನಿಮಾ ಹೆಂಗ ಐತಿ ಅಂತ ಕೇಳಿದ್ರ ಬಾಯಿ ಬಿಡಬ್ಯಾಡ. ಚಲೋ ಐತಿ ಅಂದಿ ಅಂದ್ರ, ಕೆಟ್ಟಿದ್ದಾಗ ನಿನ್ನ ಮ್ಯಾಲ ಬರತಾರ."

"ಮತ್ತೇನ ಹೇಳ್ಲಿರಿ?"

"ನೀವ ನೋಡಿ ನನಗ ಹೇಳ್ರಿ ಅನ್ನು. ಮಂದಿಗೆ ಹೇಳೋದಂದ್ರ ಭಾಳ ಖುಷಿ."

ಅವರು ವ್ಯಾಪಾರಕ್ಕಾಗಿ ಹೇಳಿದ ಮಾತು. ನನಗೆ ಅದೇ ಜೀವನದ ರುಚಿಯಾಯಿತು.

ಸೆಟ್ ಸಾಗಿಸುವುದೇ ಒಂದು ವಿದ್ಯೆ. ಬಸ್ಸಿನ ಟಾಪಿನ ಮೇಲೆ ಹಾಕಿದರೆ ಮುಂಡರಗಿ ರಸ್ತೆಯ ಕುಣಿಗಳಿಗೆ ಪಿಕ್ಚರ್ ಟ್ಯೂಬ್ ಉಳಿಯುವುದಿಲ್ಲ. ಅವ್ವ ಹೊಲಿದ ಹಳೆಯ ಕೌದಿಯಲ್ಲಿ ಟಿ.ವಿ.ಯನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಒಮ್ಮೆ ಶಿರಹಟ್ಟಿ ಬಸ್ಸಿನಲ್ಲಿ ಅಜ್ಜಿಯೊಬ್ಬಳು ಬಹಳ ಹೊತ್ತು ನನ್ನನ್ನೇ ನೋಡಿ, "ಕೂಸಿಗೆ ಜ್ವರ ಏನೋ ಯಪ್ಪಾ? ಇಷ್ಟ ಸೆಕಿಯಾಗ ಹೊಚ್ಚಿಯಲ್ಲ" ಎಂದು ಕೌದಿಯ ಮೂಲೆ ಎತ್ತಿದಳು. ಒಳಗಿನ ಕಪ್ಪು ಗಾಜಿನಲ್ಲಿ ತನ್ನದೇ ಮುಖ ಕಂಡು ಹೌಹಾರಿದಳು. ಕಂಡಕ್ಟರ್ ಸಹ ಹೊಟ್ಟೆ ಹಿಡಿದುಕೊಂಡು ನಕ್ಕ.

ಅದೇ ಶಿರಹಟ್ಟಿಯಲ್ಲಿ ನನ್ನಿಂದ ಒಂದು ಯಡವಟ್ಟೂ ಆಯಿತು. ಶ್ರಾವಣ ಸೋಮವಾರ ಒಂದು ಮನೆಯವರು ದೇವರ ಸಿನಿಮಾ ಬೇಕೆಂದಿದ್ದರು. ಓಣಿಯ ಹಿರಿಯ ಹೆಣ್ಣುಮಕ್ಕಳೆಲ್ಲ ಮಡಿಯಲ್ಲಿ ಬಂದು ಕುಳಿತರು. ಟಿ.ವಿ.ಯ ಮುಂದೆ ದೀಪ ಹಚ್ಚಿ, ಗಾಜಿನ ಮೂಲೆಗೆ ಕುಂಕುಮ ಇಟ್ಟರು. ನಾನು ಗುಂಡಿ ಒತ್ತಿದೆ. ಕಾರಿನ ಹಿಂದೆ ಕಾರು, ಕೈಯಲ್ಲಿ ಪಿಸ್ತೂಲು! ಡಬ್ಬಿಗಳು ಅದಲುಬದಲಾಗಿದ್ದವು. ಬೆವರುತ್ತ ನಿಲ್ಲಿಸಲು ಹೋದರೆ ಮನೆಯ ಹಿರಿಯ ಅವ್ವ ತಡೆದಳು. "ಬಿಡೋ ತಮ್ಮಾ, ದೇವರು ಮೊದಲಿಗೇ ಬರಂಗಿಲ್ಲ. ಪಾಪ ಹೆಚ್ಚಾದ ಮ್ಯಾಲ ಬರತಾನ." ಅಷ್ಟೂ ಜನ ಕೈಮುಗಿದುಕೊಂಡು ಕಾದರು. ಕೊನೆಗೆ ಗುಡಿಯ ಮೆಟ್ಟಿಲ ಮೇಲೆ ನಾಯಕ ತನ್ನ ತಾಯಿಯನ್ನು ಬಿಡಿಸಿಕೊಂಡಾಗ ಗಂಟೆ ಮೊಳಗಿತು, ಎಲ್ಲರೂ ಕಣ್ಣಿಗೆ ಒತ್ತಿಕೊಂಡರು. "ಬಡದಾಟ ಭಾಳ ಆತು, ಆದರ ಕಡೀಕ ನ್ಯಾಯ ಆತು ನೋಡು" ಎಂದು ಮಾತಾಡುತ್ತ ಎದ್ದರು. ಮರುವರ್ಷ ಶ್ರಾವಣಕ್ಕೆ ಅದೇ ಸಿನಿಮಾ ಬೇಕೆಂದು ಹೇಳಿ ಕಳಿಸಿದ್ದರು.

ಕುರ್ತಕೋಟಿಯಲ್ಲಿ ಇನ್ನೊಂದು ತರಹ. ಅಲ್ಲಿ ಒಬ್ಬ ರೈತರ ಮನೆಯಲ್ಲಿ ಹಾಡು ಬಂದಾಗ ಎಲ್ಲರೂ ಸುಮ್ಮನಿದ್ದರು. ನಾಯಕಿಯ ಹಿಂದೆ ಒಂದು ಜೋಡಿ ಬಿಳಿ ಎತ್ತು ಹಾದುಹೋದವು. ತಕ್ಷಣ ಯಜಮಾನರು ಕೈ ಎತ್ತಿ, "ನಿಂದರ್ಸು, ನಿಂದರ್ಸು. ಆ ಜೋಡಿ ಇನ್ನೊಮ್ಮೆ ತೋರ್ಸು" ಎಂದರು. ತೋರಿಸಿದೆ. ಮತ್ತೊಮ್ಮೆ ಎಂದರು. ಎಡಗಡೆಯ ಎತ್ತು ಕುಂಟುತ್ತದೆಯೋ ಇಲ್ಲವೋ ಎಂಬುದರ ಮೇಲೆ ಅಣ್ಣತಮ್ಮಂದಿರಲ್ಲಿ ಜಗಳ ಬಿದ್ದು, ಆ ಹಾಡನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿದೆನೋ ನನಗೇ ಲೆಕ್ಕ ತಪ್ಪಿತು. ಟಾಕೀಸಿನಲ್ಲಿ ಸಿನಿಮಾ ನಮ್ಮ ಕೈಯಲ್ಲಿತ್ತು, ಮನೆಗೆ ಬಂದದ್ದೇ ನೋಡುವವರ ಕೈಗೆ ಹೋಯಿತು. ಅವರು ಎಲ್ಲಿ ನಿಲ್ಲಿಸು ಎನ್ನುತ್ತಾರೆ ಎಂದು ನಾನು ಪ್ರತಿ ಮನೆಯಲ್ಲೂ ಕಾಯುತ್ತ ಕೂರುತ್ತಿದ್ದೆ.

ಈಗ ಆ ಕ್ಯಾಸೆಟ್ಟಿನ ಮಾತಿಗೆ ಬರುತ್ತೇನೆ. ಆಗ ಬರುತ್ತಿದ್ದ ಕ್ಯಾಸೆಟ್ಟು ಮೂರು ತಾಸಿನದು. ಸಿನಿಮಾ ಅದಕ್ಕಿಂತ ಉದ್ದವಾಗಿದ್ದರೆ ನಕಲು ಮಾಡುವವರು ಹಾಡು ಕತ್ತರಿಸುತ್ತಿದ್ದರು. ಹಾಡಿನ ಮೇಲೆ ಮನಸ್ಸಿದ್ದವನು ಬಾಲವನ್ನೇ ಬಿಟ್ಟುಬಿಡುತ್ತಿದ್ದ. ಅಂಥ ಒಂದು ಹಿಂದಿ ಸಂಸಾರದ ಸಿನಿಮಾ ನಮ್ಮ ಅಂಗಡಿಗೆ ಬಂತು. ಹುಡುಗಿಯೊಬ್ಬಳು ಶ್ರೀಮಂತರ ಮನೆಗೆ ಸೊಸೆಯಾಗಿ ಹೋಗುತ್ತಾಳೆ. ಗಂಡ ನಾಲ್ಕು ಜನರ ಮುಂದೆ ಕೈ ಮಾಡುತ್ತಾನೆ. ಅವಳು ತವರಿಗೆ ಬಂದುಬಿಡುತ್ತಾಳೆ. ಕಡೆಯಲ್ಲಿ ಗಂಡ ಕಾರು ತೆಗೆದುಕೊಂಡು ಕರೆಯಲು ಬರುತ್ತಾನೆ. ಅವಳು ಪಡಸಾಲೆಯಲ್ಲಿ ಕುಳಿತು ಮರದಲ್ಲಿ, ಅಂದರೆ ಕೇರುವ ಮೊರದಲ್ಲಿ, ಅಕ್ಕಿ ಹಸನು ಮಾಡುತ್ತಿದ್ದಾಳೆ. ಅವನು ಏನೇನೋ ಹೇಳುತ್ತಾನೆ. ಅಪ್ಪ, ನಿನ್ನ ಇಷ್ಟ ಮಗಳೇ ಎನ್ನುತ್ತಾನೆ. ಅವಳು ಎದ್ದು ಹೊಸ್ತಿಲ ತನಕ ಬರುತ್ತಾಳೆ, ಒಂದು ಕಾಲು ಎತ್ತುತ್ತಾಳೆ. ಅಷ್ಟೇ. ತೆರೆಯ ತುಂಬ ಬಿಳಿ ಇರುವೆ ಹರಿದಾಡಿದಂತೆ ಚುಕ್ಕಿಗಳು, ಜೊತೆಗೆ ಸುಂಯ್ ಎಂಬ ಸದ್ದು.

ಮಾಲಕರಿಗೆ ಹೇಳಿದರೆ, "ಎಲ್ಲಾ ಸಿನಿಮಾದ ಕಡೀ ಹತ್ತು ಮಿನಿಟ ಒಂದ ಇರತೈತಿ, ಬಾಯಿಲೇ ಹೇಳಿ ಮುಗಸು" ಎಂದರು. ಆ ಸಿನಿಮಾ ನಮ್ಮ ಟಾಕೀಸಿಗೆ ಬಂದಿರಲಿಲ್ಲ, ನೋಡಿದವರು ನನಗೆ ಸಿಗಲಿಲ್ಲ, ಪೂರ್ತಿ ಕ್ಯಾಸೆಟ್ಟೂ ಸಿಗಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. "ಇಲ್ಲಿಗೇ ಕಡದೈತ್ರಿ. ಮುಂದೇನಾತು ಅಂತ ನೀವ ಹೇಳ್ರಿ" ಎನ್ನುತ್ತಿದ್ದೆ. ಸಿನಿಮಾ ನೋಡಲು ಮೂರು ತಾಸಾದರೆ ಅದರ ಕೊನೆ ಹೇಳಲು ಇನ್ನೊಂದು ತಾಸು. ಚಹಾ ಬರುತ್ತಿತ್ತು, ಚುರುಮುರಿ ಬರುತ್ತಿತ್ತು. ಹೀಗಾಗಿ ಆ ಹರಕು ಕ್ಯಾಸೆಟ್ಟಿಗೆ ಪೂರ್ತಿ ಇದ್ದವುಗಳಿಗಿಂತ ಹೆಚ್ಚು ಬೇಡಿಕೆ ಬಂತು.

ಲಕ್ಷ್ಮೇಶ್ವರದ ಹುಸೇನಸಾಬರ ಮನೆಗೂ ಅದು ಹೋಯಿತು. ಆ ಮನೆಯವರನ್ನು ಮೊದಲು ಪರಿಚಯಿಸುತ್ತೇನೆ. ಹುಸೇನಸಾಬರು ಹಿರಿಯರು, ಮೊಮ್ಮಕ್ಕಳ ಬಾಯಲ್ಲಿ ದಾದಾ, ಮನೆಯ ಎಲ್ಲ ತೀರ್ಮಾನ ಅವರದೇ. ಮಗ ಒಣಮೆಣಸಿನಕಾಯಿ ವ್ಯಾಪಾರದವನು, ತಂದೆಯ ಮುಂದೆ ಮಾತೇ ಇಲ್ಲದ ಮನುಷ್ಯ. ಸೊಸೆ ಖೈರುನ್‌ಬಿ. ಮೊಮ್ಮಗಳು ನಸೀಮಾ. ಹೆಣ್ಣುಮಕ್ಕಳು ಟಾಕೀಸಿಗೆ ಹೋಗುತ್ತಿರಲಿಲ್ಲವಾದ್ದರಿಂದ ಮಗನೇ ನನ್ನನ್ನು ಕರೆಸುತ್ತಿದ್ದ. ಪಡಸಾಲೆಗೂ ಒಳಮನೆಗೂ ನಡುವಿನ ಬಾಗಿಲಲ್ಲಿ ಟಿ.ವಿ. ಒಳಮುಖ ಮಾಡಿ ಇಡುವುದು, ಸುತ್ತ ಪರದೆ ಇಳಿಬಿಡುವುದು, ವೈರ್ ಎಳೆದು ವಿಸಿಆರ್ ಮಾತ್ರ ನನ್ನ ಕಡೆ ಸ್ಟೂಲಿನ ಮೇಲೆ. ನಾನು ಟಿ.ವಿ.ಯ ಬೆನ್ನು ನೋಡುತ್ತ ಕೂರಬೇಕು. ನನ್ನ ಜೊತೆ ಹುಸೇನಸಾಬರು. "ನಾ ಸಿನಿಮಾ ನೋಡಾಂವಲ್ಲ" ಎಂದು ಅವರು ಜಂಬದಿಂದ ಹೇಳುತ್ತಿದ್ದರು. ಆದರೆ ಕಿವಿ ಮಾತ್ರ ಪೂರ್ತಿ ಒಳಗೆ. ಯಾವ ಮಾತೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಸೊಸೆ ಮಾವನ ಮಾತಿಗೆ ನೇರವಾಗಿ ಉತ್ತರ ಕೊಡುವ ರೂಢಿ ಅಲ್ಲಿ ಇರಲಿಲ್ಲ. ಅದೇನು ಆ ಮನೆಯದೊಂದೇ ಪದ್ಧತಿಯಲ್ಲ. ನನ್ನ ಅವ್ವನೂ ಬಾಗಿಲ ಮರೆಗೆ ನಿಂತು "ಮಾವಾರಿಗೆ ಹೇಳ್ರಿ" ಎಂದು ಗೋಡೆಗೆ ಹೇಳುತ್ತಿದ್ದಳು, ಗೋಡೆಯ ಪರವಾಗಿ ನಾನು ಅಜ್ಜನಿಗೆ ಹೇಳುತ್ತಿದ್ದೆ. ಆ ಅಭ್ಯಾಸ ಇದ್ದದ್ದರಿಂದ ಲಕ್ಷ್ಮೇಶ್ವರದಲ್ಲಿ ನನ್ನ ಕೆಲಸ ಸಲೀಸಾಯಿತು. ಖೈರುನ್‌ಬಿಯವರ ಮುಖ ನಾನು ನೋಡಿದವನಲ್ಲ. ಅವರ ದನಿ ಮಾತ್ರ ಚೆನ್ನಾಗಿ ಗೊತ್ತು. ಪರದೆಯ ಆಚೆಯಿಂದ, "ಶಂಕ್ರಪ್ಪಣ್ಣಾ, ನಮ್ಮ ಮಾವಾರಿಗೆ ಹೇಳ್ರಿ" ಎಂದು ಶುರುವಾಗುತ್ತಿತ್ತು. ಹುಸೇನಸಾಬರು ನನ್ನ ಕಡೆ ನೋಡಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಇಬ್ಬರ ಮಾತು ನೇರವಾಗಿಯೇ ಕೇಳಿಸುತ್ತಿತ್ತು. ಆದರೂ ನಡುವೆ ನಾನೊಬ್ಬ ಬೇಕು.

ಆ ವರ್ಷ ಆ ಮನೆಯಲ್ಲಿ ಇದ್ದದ್ದು ಒಂದೇ ಚಿಂತೆ. ನಸೀಮಾಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ಗಂಡ ಹೊಡೆದ ಏಟಿಗೆ ಅವಳ ಒಂದು ಕಿವಿ ಕೇಳಿಸದೇ ಹೋಗಿತ್ತು. ಅವಳು ತವರಿಗೆ ಬಂದು ಕುಳಿತು ತಿಂಗಳುಗಳಾಗಿದ್ದವು. ಹುಬ್ಬಳ್ಳಿಯವರು ಕರೆಯಲು ಬರುವವರಿದ್ದರು. ಕಳಿಸಬೇಕೋ ಬೇಡವೋ ಎಂಬುದು ಹುಸೇನಸಾಬರ ಕೈಯಲ್ಲಿತ್ತು, ಅವರು ಕಳಿಸುವ ಮನಸ್ಸಿನಲ್ಲಿದ್ದರು. ಅದರ ಬಗ್ಗೆ ಖೈರುನ್‌ಬಿ ಮಾವನಿಗೆ ಎದುರು ಮಾತಾಡುವಂತಿರಲಿಲ್ಲ. ನಸೀಮಾಳನ್ನಂತೂ ಯಾರೂ ಕೇಳಿರಲಿಲ್ಲ. ಇದೆಲ್ಲ ನನಗೆ ಮೊದಲು ಗೊತ್ತಿರಲಿಲ್ಲ. "ದನಿ ಇನ್ನೂ ಏರಸ್ರಿ" ಎಂದು ಒಳಗಿನಿಂದ ಮತ್ತೆ ಮತ್ತೆ ಕೇಳುವಾಗ ನಮ್ಮ ಸೆಟ್ಟಿನ ಸ್ಪೀಕರ್ ಕೆಟ್ಟಿದೆ ಎಂದುಕೊಂಡು ನಾನು ಗದಗಿನಿಂದ ಇನ್ನೊಂದು ಸೆಟ್ ಹೊತ್ತು ತಂದಿದ್ದೆ. ಆಗ ಹುಸೇನಸಾಬರೇ ತಲೆ ತಗ್ಗಿಸಿ ವಿಷಯ ಹೇಳಿದರು.

ಕ್ಯಾಸೆಟ್ ಹೊಸ್ತಿಲಲ್ಲಿ ನಿಂತುಹೋಯಿತು. ನಾನು ಎಂದಿನಂತೆ, "ಮುಂದೇನಾತು ನೀವ ಹೇಳ್ರಿ" ಎಂದೆ.

ಹುಸೇನಸಾಬರು ತಡಮಾಡಲಿಲ್ಲ. "ಹೋಗಿರತಾಳ. ಹೋಗದ ಏನ ಮಾಡ್ಯಾಳು? ಅಷ್ಟ ದೂರ ಬಂದಾನಲ್ಲ ಗಂಡ."

ಪರದೆಯ ಹಿಂದೆ ಬಳೆಯ ಸದ್ದಾಯಿತು. "ಶಂಕ್ರಪ್ಪಣ್ಣಾ, ಮಾವಾರಿಗೆ ಹೇಳ್ರಿ. ಅಂವಾ ಏನೇನ ಅಂದಾ ಅಂತ ಅವರೂ ಕೇಳ್ಯಾರಲ್ಲ. ಮನಿ ನಿಂದ ಅಂದಾ. ತಾಯಿಗೆ ಆರಾಮಿಲ್ಲ ಅಂದಾ. ಅಡಗಿ ಮಾಡಾಕ ಯಾರೂ ಇಲ್ಲ ಅಂದಾ. ತಪ್ಪಾತು ಅನ್ನೋದೊಂದ ಬಿಟ್ಟು ಎಲ್ಲಾ ಅಂದಾ."

ಹುಸೇನಸಾಬರು ನನ್ನ ಕಡೆ ನೋಡಿ, "ಗಂಡಸು ಎಲ್ಲಾ ಬಾಯಿ ಬಿಟ್ಟ ಹೇಳ್ತಾನೇನು? ಬಂದದ್ದ ಅದರ ಅರ್ಥ" ಎಂದರು. ಆ ಹೊತ್ತಿಗೆ ನನಗೂ ತಿಳಿಯಿತು, ಇವರಿಬ್ಬರೂ ವಾದ ಮಾಡುತ್ತಿರುವುದು ಯಾರ ಬಗ್ಗೆ ಎಂದು. ಸಿನಿಮಾದ ಬಗ್ಗೆಯಾದರೆ ಸೊಸೆ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಮನೆಯ ಬಗ್ಗೆ ಆಡಲಾಗದ ಮಾತನ್ನೆಲ್ಲ ಆಕೆ ಆ ದಾರಿಯಿಂದ ಕಳಿಸುತ್ತಿದ್ದರು.

ನಾನು ಹೊರಡುವಾಗ ಆಕೆ ಕೇಳಿದರು. "ಈ ಸಿನಿಮಾ ಬ್ಯಾರೆ ಕಡೆ ತೋರಸ್ತೀರೇನು?"

"ಮುಂದಿನ ವಾರ ಮುಂಡರಗಿಗೆ ಒಯ್ಯತೀನ್ರಿ ಆಪಾ. ಅಲ್ಲಿ ನೀಲವ್ವ ಅಂತ ಒಬ್ಬ ಅವ್ವಾರು ಇದ್ದಾರ, ಸಿನಿಮಾ ಅಂದ್ರ ಅವರಿಗೆ ಪ್ರಾಣ."

"ಅವರನ್ನ ಕೇಳ್ಕೊಂಡು ಬರ್ರಿ. ಹೋದಳೋ, ಉಳದಳೋ."

ಇಲ್ಲಿ ನಮ್ಮ ವೃತ್ತಿಯ ಒಂದು ನಿಯಮ ಹೇಳಬೇಕು. ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಒಯ್ಯಬಾರದು. ಇದನ್ನು ಯಾರೂ ಕಲಿಸಲಿಲ್ಲ, ಮನೆಗಳೇ ಕಲಿಸಿದವು. ಸಿನಿಮಾದ ಬಗ್ಗೆ ಯಾರು ಏನೆಂದರು ಎಂಬುದನ್ನು ಮಾತ್ರ ಧಾರಾಳವಾಗಿ ಒಯ್ಯುತ್ತಿದ್ದೆ. ಮುಂಡರಗಿಯವರಿಗೆ ಲಕ್ಷ್ಮೇಶ್ವರದವರ ಮಾತು, ಅವರಿಗೆ ಇವರದು. ಆ ಎರಡೂ ಮನೆಯ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಯಾವ ನಟಿ ಅತ್ತರೆ ಯಾರಿಗೆ ನಗು ಬರುತ್ತದೆ ಎಂಬುದು ಪರಸ್ಪರ ಗೊತ್ತಿತ್ತು.

ನೀಲವ್ವ ಅರಿವೆ ವ್ಯಾಪಾರಿಗಳ ಮನೆಯ ಹಿರಿಯಳು. ಹಿಂದಿ ಒಂದಕ್ಷರ ಬಾರದು. ಮೊದಮೊದಲು ನಾನು ಅರ್ಥ ಹೇಳಲು ಹೋಗುತ್ತಿದ್ದೆ. "ಬಾಯಿ ಮುಚ್ಕೊಂಡ ಕುಂಡ್ರೋ, ಮುಖ ನೋಡಾಕ ಬಿಡವಲ್ಲಿ" ಎಂದು ಗದರಿದ ಮೇಲೆ ಬಿಟ್ಟೆ. ಮಾತು ತಿಳಿಯದ ಕಾರಣ ಆಕೆಗೆ ಬೇರೆಯವರಿಗೆ ಕಾಣದ್ದೆಲ್ಲ ಕಾಣುತ್ತಿತ್ತು. ಯಾರ ಸೀರೆಯ ನಿರಿಗೆ ಸರಿಯಿಲ್ಲ, ಯಾವ ಅತ್ತೆ ಉಣ್ಣುವಾಗ ಸೊಸೆಯ ತಟ್ಟೆ ನೋಡುತ್ತಾಳೆ, ಯಾರು ಸುಳ್ಳು ಅಳುತ್ತಾರೆ. ಅದೇ ಕ್ಯಾಸೆಟ್ ಲಕ್ಷ್ಮೇಶ್ವರದಲ್ಲಿ ಒಂದು ಸಿನಿಮಾ ಆದರೆ ಮುಂಡರಗಿಯಲ್ಲಿ ಇನ್ನೊಂದು ಸಿನಿಮಾ ಆಗುವುದನ್ನು ನೋಡಿ ನನಗೆ ಅಚ್ಚರಿಯೋ ಅಚ್ಚರಿ.

ಕ್ಯಾಸೆಟ್ ನಿಂತಿತು. ಸೊಸೆಯಂದಿರು, ನೆರೆಯವರು ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಹೋದಳು ಎಂದವರೇ ಹೆಚ್ಚು. ನೀಲವ್ವ ಎಲೆ ಅಡಿಕೆ ಹಾಕಿಕೊಂಡು, ಎಲ್ಲರದೂ ಮುಗಿಯಲಿ ಎಂದು ಕಾದಳು.

"ಹಿಂದಕ ಓಡಸು. ಅಕ್ಕಿ ಹಸನ ಮಾಡೋದರಿಂದ ಹಚ್ಚು."

ಹಚ್ಚಿದೆ.

"ನೋಡ್ರೆವ್ವಾ, ಗಂಡ ಬಂದಾ. ಅಪ್ಪ ಎದ್ದಾ. ಈಕಿ ಎದ್ದಳೇನು? ಇಲ್ಲ. ಕಲ್ಲ ಆರಿಸಿ ಒಗ್ಯಾಕತ್ಯಾಳ. ಈಗ ಎದ್ದಳು. ಕೈಯಾಗ ಏನೈತಿ?"

ನಾನು ಆ ದೃಶ್ಯವನ್ನು ಹತ್ತಾರು ಸಲ ತೋರಿಸಿದ್ದೆ. ಆಗ ಮೊದಲ ಸಲ ನೋಡಿದೆ. ಅವಳ ಎರಡೂ ಕೈಯಲ್ಲಿ ಮರ ಇತ್ತು.

"ಗಂಡನ ಮನಿಗೆ ಹೋಗಾಕಿ ಮರ ಕೆಳಗಿಡತಾಳ, ಸೆರಗ ಝಾಡಸತಾಳ, ಕೈ ತೊಳಕೊಂತಾಳ. ಮರ ಹಿಡಕೊಂಡ ಯಾವಾಕಿ ಕಾರ್ ಹತ್ತತಾಳ? ಈಕಿ ಬಾಗಲಾ ಹಾಕ್ಕೊಳ್ಳಾಕ ಬಂದಾಳ."

ಎಲ್ಲರೂ ಹೋ ಎಂದು ನಕ್ಕರು. ನೀಲವ್ವ ನಗಲಿಲ್ಲ. ಹೆಣ್ಣುಮಕ್ಕಳು ಎದ್ದು ಹೋದ ಮೇಲೆ ನಾನು ವೈರು ಸುತ್ತುತ್ತಿದ್ದಾಗ ಹತ್ತಿರ ಬಂದಳು. ಲಕ್ಷ್ಮೇಶ್ವರದ ಪ್ರಶ್ನೆಯನ್ನು ನಾನು ಮೊದಲೇ ಹೇಳಿದ್ದೆ.

"ಆ ಮನ್ಯಾಗ ಯಾರೋ ತವರಿಗೆ ಬಂದ ಕುಂತಾರ. ಹೌದಲ್ಲೋ ಶಂಕ್ರಪ್ಪಾ?"

ನಾನು ವೈರಿನಲ್ಲಿ ಇಲ್ಲದ ಗಂಟು ಬಿಡಿಸತೊಡಗಿದೆ.

"ಹೇಳಬ್ಯಾಡ ಬಿಡು. ಆ ತಾಯಿಗೆ ನಾ ಹೇಳಿದ್ದ ಅಷ್ಟೂ ಹೇಳು. ಇನ್ನೊಂದು ಹೇಳು. ನಾನೂ ಹಿಂಗ ಬಂದು ಕುಂತಿದ್ದೆ, ಸಣ್ಣಾಕಿ ಇದ್ದಾಗ. ಕರಿಯಾಕ ಬಂದ್ರು. ನಾ ಮರ ಕೆಳಗಿಟ್ಟು ಹೋದೆ." ಇಷ್ಟು ಹೇಳಿ ಆಕೆ ಒಳಗೆ ಹೋದಳು. ಅಷ್ಟು ದೊಡ್ಡ ಮನೆ, ಅಷ್ಟು ಜನ ಸೊಸೆಯಂದಿರು, ಸದಾ ಎಲ್ಲರನ್ನೂ ನಗಿಸುವ ಹೆಂಗಸು. ನಾನು ಬಸ್ಸಿನಲ್ಲಿ ಕೌದಿಯ ಗಂಟು ಅಪ್ಪಿಕೊಂಡು ಕುಳಿತು ಆಕೆಯ ಬಗ್ಗೆಯೇ ಯೋಚಿಸುತ್ತ ಗದಗಿಗೆ ಬಂದೆ. ಬಹಳ ಸಂಕಟವಾಯಿತು.

ಮುಂದಿನ ಸಲ ಲಕ್ಷ್ಮೇಶ್ವರಕ್ಕೆ ಹೋದಾಗ ಅಷ್ಟೂ ಹೇಳಿದೆ. ಪರದೆಗೆ ಮುಖ ಮಾಡಿ, ಆದರೆ ಹುಸೇನಸಾಬರಿಗೂ ಕೇಳಿಸುವಂತೆ. ಒಳಗಿನಿಂದ ಖೈರುನ್‌ಬಿ, "ಆ ಅವ್ವಾರಿಗೆ ನನ್ನ ಸಲಾಮ್ ಹೇಳ್ರಿ" ಎಂದರು. ಹುಸೇನಸಾಬರು ಗಡ್ಡ ನೀವಿಕೊಳ್ಳುತ್ತ ಕುಳಿತಿದ್ದರು.

"ಮರದ ಮಾತ ನನಗ ಯಾರೂ ಹೇಳಲಿಲ್ಲಲ್ಲ" ಎಂದರು ಕೊನೆಗೆ.

"ಕಿವಿಗೆ ಕೇಳಸೋದಲ್ರಿ ಅದು. ಕಣ್ಣೀಲೆ ನೋಡಬೇಕು."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಬರೋ ರವಿವಾರ ತಗೊಂಡ ಬಾ. ಅವತ್ತ ಟೀವಿ ಈ ಕಡೆ ತಿರುಗಸು. ನಾ ನೋಡ್ತೀನಿ" ಎಂದರು.

ರವಿವಾರ ನಾನು ಹೋದಾಗ ಪಡಸಾಲೆಯಲ್ಲಿ ಹೊಸ ಚಾಪೆ ಹಾಸಿತ್ತು. ಹುಬ್ಬಳ್ಳಿಯ ಅಳಿಯ, ಜೊತೆಗೆ ಅವನ ಕಾಕಾ, ಇಬ್ಬರೂ ಗೋಡೆಗೆ ಒರಗಿ ಕುಳಿತಿದ್ದರು. ಕರೆದುಕೊಂಡು ಹೋಗಲು ಬಂದವರು. ಹುಸೇನಸಾಬರು ಅದೇ ದಿನ ನನ್ನನ್ನು ಬೇಕೆಂದೇ ಕರೆಸಿದರೋ, ದಿನ ಹಾಗೆ ಕೂಡಿ ಬಂತೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಆಗಲಿಲ್ಲ. ವಾಪಸು ಹೋಗಲೇ ಎಂದು ಬಾಗಿಲಲ್ಲಿ ನಿಂತೆ. "ಹಚ್ಚಪಾ ಶಂಕ್ರಪ್ಪಾ, ಬೀಗರೂ ನೋಡ್ಲಿ" ಎಂದರು. ಖೈರುನ್‌ಬಿಯವರ ಗಂಡ ತಂದೆಯ ಪಕ್ಕದಲ್ಲಿ ನೆಲ ನೋಡುತ್ತ ಕುಳಿತಿದ್ದ. ಪರದೆಯ ಹಿಂದೆ ಇದ್ದವರಿಗೆ ಆ ದಿನ ಕೇಳುವುದಷ್ಟೇ ಪಾಲಿಗೆ ಬಂದಿತ್ತು.

ಅವರು ತಮ್ಮೊಳಗೆ ಆಡುವುದು ಉರ್ದು. ಮುಂದಿನ ಮಾತನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಕಡೆಯ ಭಾಗ ಮಾತ್ರ ಹಚ್ಚಿದೆ. ಹುಡುಗಿ ತವರಿಗೆ ಬರುವುದು, ಗಂಡನ ಕಾರು, ಅಕ್ಕಿ, ಹೊಸ್ತಿಲು. ಹುಸೇನಸಾಬರು ತಮ್ಮ ಜೀವನದಲ್ಲಿ ನೋಡಿದ ಮೊದಲ ಸಿನಿಮಾ ಅದೇ ಇರಬೇಕು. ರೆಪ್ಪೆ ಬಡಿಯದೆ ನೋಡಿದರು. ಹುಡುಗಿ ಎದ್ದಾಗ, "ಖರೇನ. ಮರ ಕೈಯಾಗ ಐತಿ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ತೆರೆಯ ಮೇಲೆ ಚುಕ್ಕಿಗಳು ಬಂದವು.

ಅಳಿಯ ನಕ್ಕ. "ಇಷ್ಟ ಏನು? ಮುಂದ?"

"ಮುಂದಿಲ್ಲ. ನೀವ ಹೇಳ್ರಿ, ಆ ಹುಡುಗಿ ಹೋದಳೋ, ಉಳದಳೋ?" ಎಂದರು ಹುಸೇನಸಾಬರು.

"ಹೋಗಿರತಾಳ ಬಿಡ್ರಿ. ಹೋಗದ ಏನ ಮಾಡ್ಯಾಳು? ನಾಕ ದಿನ ಸಿಟ್ಟ ಇರತೈತಿ. ಆಮ್ಯಾಲ ಬರತಾರ."

"ಆ ಹುಡುಗ ತಪ್ಪಾತು ಅನ್ನಬೇಕಿತ್ತೇನು?"

"ಯಾಕ? ಗಂಡಸಾಗಿ ಅಷ್ಟ ದೂರ ಬಂದಾನಲ್ಲ, ಸಾಲದೇನು?"

ಹುಸೇನಸಾಬರು ತಾವೇ ಆಡಿದ ಮಾತನ್ನು ಅಳಿಯನ ಬಾಯಲ್ಲಿ ಕೇಳಿದರು. ಅವರ ಮುಖ ನೋಡಿದರೆ, ತನ್ನದೇ ಅಂಗಿಯನ್ನು ಬೇರೆಯವರ ಮೈಮೇಲೆ ಕಂಡ ಮನುಷ್ಯನ ಮುಖದಂತೆ ಇತ್ತು. ಕಾಕಾ ಮಾತಿಗೆ ಮಾತು ಕೂಡಿಸಿ, ಸಿನಿಮಾ ಸುಳ್ಳು, ಬಸ್ಸಿಗೆ ಹೊತ್ತಾಯಿತು, ಹುಡುಗಿ ತಯಾರಾಗಿದ್ದರೆ ಹೊರಡೋಣ ಎಂದ. ನಾನು ಟಿ.ವಿ.ಯ ಸುಂಯ್ ಸದ್ದನ್ನು ಆರಿಸಿದೆ. ಪರದೆಯ ಆಚೆ ಯಾರೋ ಉಸಿರು ಎಳೆದುಕೊಂಡದ್ದೂ ಕೇಳಿಸಿತು.

"ಶಂಕ್ರಪ್ಪಣ್ಣಾ," ಎಂದು ಒಳಗಿನಿಂದ ಖೈರುನ್‌ಬಿಯವರ ದನಿ ಬಂತು. "ಮಾವಾರಿಗೆ ಹೇಳ್ರಿ..."

ಹುಸೇನಸಾಬರು ಕೈ ಎತ್ತಿ ನನ್ನನ್ನು ತಡೆದರು. ಅಷ್ಟು ದಿನದಲ್ಲಿ ಮೊದಲ ಸಲ, ನನ್ನ ಕಡೆ ನೋಡದೆ, ಪರದೆಯ ಕಡೆಗೇ ತಿರುಗಿ ಮಾತಾಡಿದರು.

"ನಸೀಮಾ, ಬೇಟೀ. ನಿನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಕೇಳಾಕತ್ತೀನಿ. ನೀ ಹೇಳು."

ಒಂದು ಸಣ್ಣ ದನಿ ಬಂತು. ಅದನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ. "ನಾ ಹೋಗಂಗಿಲ್ಲ, ದಾದಾ."

ನನಗೆ ಕೇಳಿಸಿತು. ಅಳಿಯನಿಗೂ ಕೇಳಿಸಿರಬೇಕು, ಅವನ ನಗು ಮಾಯವಾಯಿತು. ಹುಸೇನಸಾಬರಿಗಂತೂ ಕೇಳಿಸದೇ ಇರಲು ಸಾಧ್ಯವೇ ಇರಲಿಲ್ಲ. ಆದರೂ ಅವರು ಮುಂದಕ್ಕೆ ಬಾಗಿ ಹೇಳಿದರು.

"ಜೋರಲೇ ಹೇಳು ಬೇಟೀ."

"ನಾ ಹೋಗಂಗಿಲ್ಲ ದಾದಾ!"

ಓಣಿಯಲ್ಲಿ ಹೊರಟವರು ನಿಂತು ನಮ್ಮ ಬಾಗಿಲ ಕಡೆ ನೋಡಿದರು. ಹುಸೇನಸಾಬರು ಬೀಗರ ಕಡೆ ತಿರುಗಿದರು.

"ಕೇಳಿಸ್ತಲ್ರಿ?"